ತಾರೀಖು ಇರುವ ಕಾಗದ: ಪ್ರೋಗ್ರಾಮಿಂಗ್ ಭಾಷೆಗಳ ಚರಿತ್ರೆಯ ಆಕರಗಳ ಕುರಿತು ಒಂದು ಟಿಪ್ಪಣಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದು ಬಿ.ಸಿ.ಎ., ಬಿ.ಎಸ್ಸಿ. ಅಥವಾ ಎಂಜಿನಿಯರಿಂಗ್ ಓದುವ ವಿದ್ಯಾರ್ಥಿಗೆ ಪ್ರೋಗ್ರಾಮಿಂಗ್ ಭಾಷೆಗಳ ಚರಿತ್ರೆ ಸಿಗುವುದು ಬಹುಮಟ್ಟಿಗೆ ಒಂದೇ ಪುಟದಲ್ಲಿ. ಇ. ಬಾಲಗುರುಸ್ವಾಮಿಯವರ ಸಿ ಭಾಷೆಯ ಪಠ್ಯಪುಸ್ತಕದ ಮೊದಲ ಅಧ್ಯಾಯದಲ್ಲಿ ಒಂದು ವಂಶವೃಕ್ಷದಂಥ ಚಿತ್ರವಿದೆ. 1960ರ ಆಲ್ಗಾಲ್ ಎಲ್ಲಕ್ಕಿಂತ ಮೇಲೆ, ಅದರಡಿ 1967ರ ಬಿಸಿಪಿಎಲ್, ಅದರಡಿ 1970ರ ಬಿ, ಆಮೇಲೆ 1972ರ ಸಿ, 1978ರ ಕರ್ನಿಹ್ಯಾನ್-ರಿಚಿ ಸಿ, 1989ರ ಆನ್ಸಿ ಸಿ. ಈ ಚಿತ್ರ ಅಲ್ಲಿಂದ ಗೈಡುಗಳಿಗೆ, ಗೈಡುಗಳಿಂದ ಜೆರಾಕ್ಸ್ ನೋಟ್ಸಿಗೆ, ನೋಟ್ಸಿನಿಂದ ಉತ್ತರಪತ್ರಿಕೆಗೆ ಹರಿದು ಬಂದಿದೆ. ಎರಡು ಅಂಕದ ಪ್ರಶ್ನೆಗೆ ಅದು ಸಾಕು. ಆದರೆ ಆ ಇಸವಿಗಳನ್ನು ಯಾರು, ಯಾವ ಕಾಗದ ನೋಡಿ ಬರೆದರು ಎಂದು ಕೇಳುವ ವಿದ್ಯಾರ್ಥಿಗೆ ಚಿತ್ರ ಉತ್ತರ ಕೊಡುವುದಿಲ್ಲ. ಅಂಥ ವಿದ್ಯಾರ್ಥಿಗಾಗಿ ಈ ಟಿಪ್ಪಣಿ. ಕಲಬುರಗಿ ಜಿಲ್ಲೆಯಲ್ಲೇ ಕುಳಿತು, ಕೈಯಿಂದ ಹಣ ಹಾಕದೆ, ಯಾವ ಆಕರಗಳನ್ನು ಓದಬಹುದು, ಅವುಗಳಲ್ಲಿ ಯಾವುದರ ಮಾತಿಗೆ ಎಷ್ಟು ತೂಕ ಎಂಬುದಷ್ಟೇ ಇದರ ವ್ಯಾಪ್ತಿ.

ತೂಕದ ಮಾತು ಮೊದಲು. ನಮ್ಮ ನಾಡಿನ ಚರಿತ್ರೆ ಬರೆಯುವವರಿಗೆ ಶಾಸನ, ಕೈಫಿಯತ್ತು, ಸ್ಥಳಪುರಾಣ ಈ ಮೂರರ ನಡುವಿನ ಅಂತರ ಹೇಳಿಕೊಡಬೇಕಾಗಿಲ್ಲ. ಘಟನೆಯ ಕಾಲದಲ್ಲೇ ಕಲ್ಲಿನಲ್ಲಿ ಕಂಡರಿಸಿದ್ದು ಶಾಸನ. ಎಷ್ಟೋ ಕಾಲದ ಮೇಲೆ ಊರವರನ್ನು ಕೇಳಿ ಬರೆಸಿದ್ದು ಕೈಫಿಯತ್ತು. ಭಕ್ತಿಗಾಗಿ ಬೆಳೆದದ್ದು ಸ್ಥಳಪುರಾಣ. ಮೂರಕ್ಕೂ ಅದರದರ ಉಪಯೋಗವಿದೆ, ಆದರೆ ಇಸವಿ ನಿರ್ಧರಿಸುವಾಗ ಮೂರನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದಿಲ್ಲ. ಪ್ರೋಗ್ರಾಮಿಂಗ್ ಭಾಷೆಗಳ ವಿಷಯದಲ್ಲೂ ಈ ಮೂರು ಜಾತಿಯ ಆಕರಗಳಿವೆ: ಆ ಕಾಲದ ವರದಿ, ಕೈಪಿಡಿ ಮತ್ತು ಕೋಡು; ಭಾಷೆ ಕಟ್ಟಿದವರು ಇಪ್ಪತ್ತು ಮೂವತ್ತು ವರ್ಷದ ನಂತರ ಬರೆದ ನೆನಪು; ಪಠ್ಯಪುಸ್ತಕದ ಪೀಠಿಕೆ. ನಮ್ಮ ಕಾಲೇಜುಗಳಲ್ಲಿ ಮೂರನೆಯದೇ ಮೊದಲನೆಯದರ ಜಾಗದಲ್ಲಿ ಕೂತಿರುವುದು ತೊಂದರೆ.

ಸಿ ಭಾಷೆಯನ್ನೇ ತೆಗೆದುಕೊಳ್ಳಿ. ಅದನ್ನು ಕಟ್ಟಿದ, ಬೆಲ್ ಪ್ರಯೋಗಾಲಯದ ಡೆನಿಸ್ ರಿಚಿ 1993ರಲ್ಲಿ ಸಿ ಭಾಷೆಯ ಬೆಳವಣಿಗೆ ಕುರಿತು ಒಂದು ಪ್ರಬಂಧ ಮಂಡಿಸಿದರು. ಅವರ ಲೆಕ್ಕದಲ್ಲಿ ಸಿ ರೂಪುಗೊಂಡದ್ದು 1969ರಿಂದ 1973ರ ನಡುವೆ, ಯುನಿಕ್ಸ್ ಜೊತೆಜೊತೆಗೆ. ಅತಿ ಹೆಚ್ಚು ಕೆಲಸ ನಡೆದದ್ದು 1972ರಲ್ಲಿ. ಹಾಗಾಗಿ ಚಿತ್ರದ 1972 ಸುಳ್ಳಲ್ಲ, ಆದರೆ ಅದು ಹುಟ್ಟಿದ ದಿನವೂ ಅಲ್ಲ. ಚಿತ್ರದಲ್ಲಿ ಆಲ್ಗಾಲಿನಿಂದ ನೇರವಾಗಿ ಬಿಸಿಪಿಎಲ್‌ಗೆ ಬಾಣ ಇಳಿಯುತ್ತದೆ. ನಡುವೆ ಕೇಂಬ್ರಿಜ್ ಮತ್ತು ಲಂಡನ್ನಿನಲ್ಲಿ ಕ್ರಿಸ್ಟೋಫರ್ ಸ್ಟ್ರೇಚಿ ಮೊದಲಾದವರು ರೂಪಿಸಿದ ಸಿಪಿಎಲ್ ಬರುತ್ತದೆ, ಅದು ಅಲ್ಲಿ ಕಾಣುವುದಿಲ್ಲ. ಸಿ ಭಾಷೆಯಲ್ಲಿ ಟೈಪುಗಳನ್ನು ಒಂದರ ಮೇಲೊಂದು ಕಟ್ಟುವ ಪದ್ಧತಿಗೆ ಆಲ್ಗಾಲ್ 68ರ ಋಣವಿದೆಯೆಂದು ರಿಚಿ ತಾವೇ ಹೇಳುತ್ತಾರೆ. ಒಂದೇ ಗೆರೆಯ ವಂಶಾವಳಿಯಲ್ಲಿ ಇಂಥ ಪಕ್ಕದ ಸಂಬಂಧಕ್ಕೆ ಜಾಗವೇ ಇಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತ ರುಚಿಯಾದದ್ದು. ಪ್ಲಸ್ ಪ್ಲಸ್ (++) ಎಂಬ ಆಪರೇಟರು ಪಿಡಿಪಿ-11 ಯಂತ್ರದ ವಿಳಾಸ ತಾನಾಗಿ ಏರುವ ಸೌಲಭ್ಯವನ್ನು ಬಳಸಿಕೊಳ್ಳಲು ಹುಟ್ಟಿತು ಎಂಬ ಮಾತು ವೈವಾದಲ್ಲೂ ಕೇಳಿಬರುತ್ತದೆ. ಕೇಳಿದರೆ ಹೌದೆನ್ನಿಸುವಂಥ ಮಾತು. ಆ ಯಂತ್ರದಲ್ಲಿ ಸೌಲಭ್ಯವಿತ್ತು, ಭಾಷೆಯಲ್ಲಿ ಆಪರೇಟರಿತ್ತು. ಆದರೆ ರಿಚಿ ಅದನ್ನು ಕಾಲಕ್ರಮದಿಂದಲೇ ತಳ್ಳಿಹಾಕುತ್ತಾರೆ. ಈ ಆಪರೇಟರನ್ನು ಕೆನ್ ಥಾಂಪ್ಸನ್ ತಂದದ್ದು ಬಿ ಭಾಷೆಯಲ್ಲಿ, ಆಗ ಪಿಡಿಪಿ-11 ಅಲ್ಲಿರಲೇ ಇಲ್ಲ. ಹಳೆಯ ಪಿಡಿಪಿ-7ರಲ್ಲಿ ಅಂಥ ಕೆಲವು ಮೆಮೊರಿ ಕೋಶಗಳಿದ್ದುದರಿಂದ ಥಾಂಪ್ಸನ್‌ಗೆ ಅದು ಹೊಳೆದಿರಬಹುದು ಎಂದಷ್ಟಕ್ಕೇ ರಿಚಿ ನಿಲ್ಲುತ್ತಾರೆ. ಜೊತೆಯಲ್ಲಿ ಕೆಲಸ ಮಾಡಿದವರೇ 'ಇರಬಹುದು' ಎಂದು ಬರೆದಿರುವಾಗ ನೋಟ್ಸಿನಲ್ಲಿ ಅದು 'ಇದೆ' ಆಗಬಾರದು.

ರಿಚಿಯವರದೂ ಇಪ್ಪತ್ತು ವರ್ಷದ ಮೇಲಿನ ನೆನಪೇ. ಅದಕ್ಕೆ ಶಾಸನದ ಬಲ ಬೇಕಾದರೆ ಇನ್ನೂ ಹಿಂದಕ್ಕೆ ಹೋಗಬೇಕು, ಮತ್ತು ಸಿ ವಿಷಯದಲ್ಲಿ ಹೋಗಲು ದಾರಿಯಿದೆ. 1972-73ರ ಕಾಲದ ಎರಡು ಸಿ ಕಂಪೈಲರುಗಳ ಕೋಡು ಹಳೆಯ ಟೇಪುಗಳಲ್ಲಿ ಉಳಿದಿತ್ತು. ಪಾಲ್ ವಿಕ್ಸಿ ಮತ್ತು ಕೀತ್ ಬೋಸ್ಟಿಕ್ ಅದನ್ನು ಓದಿ ತೆಗೆದರು, ರಿಚಿ ಎಲ್ಲರಿಗೂ ತೆರೆದಿಟ್ಟರು. ಅವುಗಳಲ್ಲೊಂದು ಭಾಷೆಗೆ ಸ್ಟ್ರಕ್ಚರ್ ಸೇರುವುದಕ್ಕೆ ಸ್ವಲ್ಪ ಮುಂಚಿನದು. ಇಂದು ಮೊದಲ ಸೆಮಿಸ್ಟರಿನ ವಿದ್ಯಾರ್ಥಿ ಬರೆಯುವ ಸ್ಟ್ರಕ್ಚರ್ ಇಲ್ಲದ ಸಿ ಹೇಗಿತ್ತೆಂದು ಯಾರ ಮಾತನ್ನೂ ನಂಬದೆ ಕಣ್ಣಾರೆ ನೋಡಬಹುದು.

ಇಂಥ ವರದಿ, ಪ್ರಬಂಧಗಳು ಎಲ್ಲಿ ಸಿಗುತ್ತವೆ? 2022ರ ಏಪ್ರಿಲ್‌ವರೆಗೆ ಈ ಪ್ರಶ್ನೆಗೆ ಉತ್ತರ ಕಷ್ಟದ್ದಾಗಿತ್ತು. ಅಮೆರಿಕದ ಅಸೋಸಿಯೇಷನ್ ಫಾರ್ ಕಂಪ್ಯೂಟಿಂಗ್ ಮೆಷಿನರಿ, ಅಂದರೆ ಎಸಿಎಂ, ಆ ತಿಂಗಳು ತನ್ನ ಮೊದಲ ಐವತ್ತು ವರ್ಷಗಳ ಪ್ರಕಟಣೆಗಳನ್ನು, 1951ರಿಂದ 2000ದ ಕೊನೆಯವರೆಗಿನ ಸುಮಾರು 1,17,500 ದಾಖಲೆಗಳನ್ನು, ಎಲ್ಲರಿಗೂ ಉಚಿತವಾಗಿ ತೆರೆಯಿತು. ಕಾಲೇಜಿನ ಗುರುತು, ಪಾಸ್‌ವರ್ಡು ಯಾವುದೂ ಬೇಡ. ಈ ವಿಷಯದ ಮುಖ್ಯ ಆಕರಗಳಲ್ಲಿ ದೊಡ್ಡ ಪಾಲು ಆ ಐವತ್ತು ವರ್ಷಗಳೊಳಗೇ ಬರುತ್ತದೆ. ಇಷ್ಟು ದೊಡ್ಡ ಬಾಗಿಲು ತೆರೆದದ್ದು ನಮ್ಮ ಪಠ್ಯಕ್ರಮ ಬರೆಯುವವರ ಗಮನಕ್ಕೆ ಸಾಕಷ್ಟು ಬಂದಂತಿಲ್ಲ.

ಆ ರಾಶಿಯಲ್ಲಿ ಮೊದಲು ಕೈಹಾಕಬೇಕಾದದ್ದು ಪ್ರೋಗ್ರಾಮಿಂಗ್ ಭಾಷೆಗಳ ಚರಿತ್ರೆಗೆಂದೇ ನಡೆದ ಸಮ್ಮೇಳನಗಳಿಗೆ. ಮೊದಲನೆಯದು 1978ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಜೀನ್ ಸ್ಯಾಮೆಟ್ ಅವರ ಮುಂದಾಳತ್ವದಲ್ಲಿ ನಡೆಯಿತು. ಎರಡನೆಯದು 1993ರಲ್ಲಿ, ರಿಚಿಯವರ ಪ್ರಬಂಧ ಅದರದೇ. ಮೂರನೆಯದು ಆ ಐವತ್ತು ವರ್ಷಗಳ ಆಚೆಗೆ, 2007ರಲ್ಲಿ ಸ್ಯಾನ್ ಡಿಯಾಗೋದಲ್ಲಿ. ನಾಲ್ಕನೆಯದು 2020ರಲ್ಲಿ ಲಂಡನ್ನಿನಲ್ಲಿ ನಡೆಯಬೇಕಿತ್ತು. ಕೋವಿಡ್‌ನಿಂದ ಒಂದು ವರ್ಷ ಮುಂದೆ ಹೋಗಿ ಆನ್‌ಲೈನ್‌ನಲ್ಲಿ ಜರುಗಿತು, ಆದರೆ ಪ್ರಬಂಧಗಳು 2020ರಲ್ಲೇ ಮುಕ್ತವಾಗಿ ಪ್ರಕಟವಾದವು. ಜಾವಾಸ್ಕ್ರಿಪ್ಟ್‌ನ ಮೊದಲ ಇಪ್ಪತ್ತು ವರ್ಷಗಳ ಕುರಿತ ಪ್ರಬಂಧವೊಂದೇ ಸಣ್ಣ ಪುಸ್ತಕದಷ್ಟಿದೆ.

1978ರ ಸಮ್ಮೇಳನದ ಹದಿಮೂರು ಭಾಷೆಗಳ ಆಯ್ಕೆಗೆ ನಿಯಮವಿತ್ತು: 1967ರ ಹೊತ್ತಿಗೆ ಬಳಕೆಗೆ ಬಂದಿರಬೇಕು, 1977ರಲ್ಲೂ ಬಳಕೆಯಲ್ಲಿರಬೇಕು, ಕ್ಷೇತ್ರದ ಮೇಲೆ ಗಣನೀಯ ಪ್ರಭಾವ ಬೀರಿರಬೇಕು. ಅಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡದ್ದು ಆಲ್ಗಾಲ್ 60ರ ವಿಭಾಗ. ಒಂದೇ ಭಾಷೆಗೆ ಎರಡು ಪ್ರಬಂಧ: ಅಮೆರಿಕದ ಕಡೆಯಿಂದ ಅಲನ್ ಪರ್ಲಿಸ್, ಯುರೋಪಿನ ಕಡೆಯಿಂದ ಪೀಟರ್ ನೌರ್. ನೌರ್ ಬರೆದದ್ದಕ್ಕೆ ಬಾವರ್ ಮತ್ತು ಸ್ಯಾಮೆಲ್ಸನ್ ಎತ್ತಿದ ಆಕ್ಷೇಪಗಳನ್ನೂ ಜೊತೆಗೇ ಅಚ್ಚು ಹಾಕಿದ್ದಾರೆ. ಆಲ್ಗಾಲ್ ಸಮಿತಿಯಲ್ಲಿ ಕೂತವರೇ ಒಪ್ಪದೆ ಹೋದ ಸಂಗತಿ ನಮ್ಮ ಗೈಡಿನಲ್ಲಿ ಬರುವುದು 'ಅಂತರರಾಷ್ಟ್ರೀಯ ತಂಡ' ಎಂಬ ಎರಡು ಪದಗಳಲ್ಲಿ! ಕೋಬಾಲ್ ಕೂಡ ಹೀಗೆಯೇ. ಗ್ರೇಸ್ ಹಾಪರ್ ಕಂಡುಹಿಡಿದರು ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಹಾಪರ್ ಅವರ ಹಿಂದಿನ ಕೆಲಸದ ಪ್ರಭಾವ ಅದರ ಮೇಲೆ ದೊಡ್ಡದು, ಆದರೆ ಭಾಷೆಯನ್ನು ರೂಪಿಸಿದ್ದು 1959ರಲ್ಲಿ ಕೂಡಿದ ಸಮಿತಿ, ಮತ್ತು ಆ ಕೆಲಸದಲ್ಲಿ ಪಾಲುಗೊಂಡ ಸ್ಯಾಮೆಟ್ ತಾವೇ ಅದರ ಚರಿತ್ರೆಯನ್ನು 1978ರಲ್ಲಿ ಬರೆದಿದ್ದಾರೆ.

'ಮೊದಲ ಪ್ರೋಗ್ರಾಮಿಂಗ್ ಭಾಷೆ ಯಾವುದು' ಎಂಬ ಪ್ರಶ್ನೆ ಹಿಡಿದು ಹೊರಟವರಿಗೆ ಡೊನಾಲ್ಡ್ ಕ್ನೂತ್ ಮತ್ತು ಲೂಯಿಸ್ ಟ್ರ್ಯಾಬ್ ಪಾರ್ಡೊ 1976ರಲ್ಲಿ ಬರೆದ ಸ್ಟ್ಯಾನ್‌ಫರ್ಡ್ ವರದಿ ಒಂದೇ ಸಾಕು. ಅವರು ಒಂದು ಚಿಕ್ಕ ಲೆಕ್ಕವನ್ನು ಆರಿಸಿಕೊಂಡು, 1945ರ ಸುಮಾರಿನ ಕೊನ್ರಾಡ್ ಜ್ಯೂಸೆಯ ಪ್ಲಾನ್‌ಕಾಲ್ಕ್ಯೂಲ್‌ನಿಂದ ಹಿಡಿದು 1957ರವರೆಗಿನ ಹತ್ತಾರು ಭಾಷೆಗಳಲ್ಲಿ ಅದನ್ನೇ ಬರೆದು ತೋರಿಸಿದ್ದಾರೆ. ಜ್ಯೂಸೆಯ ಕೆಲಸ ಪೂರ್ತಿ ಅಚ್ಚಾದದ್ದು 1972ರಲ್ಲಿ. ಅಲಿಕ್ ಗ್ಲೆನಿ ಮ್ಯಾಂಚೆಸ್ಟರ್ ಯಂತ್ರಕ್ಕೆ ಮಾಡಿದ ಆಟೋಕೋಡ್ 1952ರದು. ಫೋರ್ಟ್ರಾನ್‌ನ ಪ್ರಾಥಮಿಕ ವರದಿ 1954ರ ನವೆಂಬರಿನದು, ಭಾಷೆ ಜನರ ಕೈಗೆ ಬಂದದ್ದು 1957ರಲ್ಲಿ. ಹಾಗಾದರೆ ಮೊದಲನೆಯದು ಯಾವುದು? ಯೋಚಿಸಿದ್ದೋ, ಬರೆದದ್ದೋ, ಯಂತ್ರದಲ್ಲಿ ಓಡಿದ್ದೋ, ಮಾರಾಟವಾದದ್ದೋ ಎಂದು ಕೇಳುವವರು ಮೊದಲು ಹೇಳಬೇಕು. ಈ ವರದಿ ಓದಿದವರು ಆ ಪ್ರಶ್ನೆಯನ್ನು ಪ್ರಶ್ನೆಪತ್ರಿಕೆಯಲ್ಲಿ ಇಡಲಾರರು.

ಈಗ ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಾಡುವ ಮಾತಿಗೆ ಬರುತ್ತೇನೆ. ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣಕ್ಕೆ ಪಾಣಿನಿಯೇ ಮೂಲ, ಕಂಪ್ಯೂಟರಿಗೆ ಸಂಸ್ಕೃತವೇ ಶ್ರೇಷ್ಠವೆಂದು ನಾಸಾ ಹೇಳಿದೆ ಎಂಬುದು. ಇದಕ್ಕೆ ನಗುವುದೂ ಬೇಡ, ಇದನ್ನು ನಂಬುವುದೂ ಬೇಡ. ಎರಡೂ ಮಾತಿನ ಬುಡದಲ್ಲಿ ತಾರೀಖಿರುವ ಕಾಗದಗಳಿವೆ, ತೆಗೆದು ಓದಿದರಾಯಿತು.

1959ರ ಜೂನ್‌ನಲ್ಲಿ ಪ್ಯಾರಿಸಿನ ಯುನೆಸ್ಕೊ ಸಮ್ಮೇಳನಕ್ಕೆ ಜಾನ್ ಬ್ಯಾಕಸ್ ಒಂದು ಪ್ರಬಂಧ ಕೊಟ್ಟರು. ಭಾಷೆಯೊಂದರ ವಾಕ್ಯರಚನೆಯನ್ನು ಸೂತ್ರಗಳಲ್ಲಿ ಹೇಳುವ ಸಂಕೇತಕ್ರಮ ಅದರಲ್ಲಿತ್ತು. ನೌರ್ ಅದನ್ನು ತಿದ್ದಿ 1960ರ ಆಲ್ಗಾಲ್ ವರದಿಯಲ್ಲಿ ಬಳಸಿದರು. 1964ರ ಡಿಸೆಂಬರಿನ ಎಸಿಎಂ ಪತ್ರಿಕೆಯಲ್ಲಿ ಕ್ನೂತ್ ಒಂದು ಪತ್ರ ಬರೆದು, ನೌರ್ ಹೆಸರನ್ನೂ ಸೇರಿಸಿ ಇದನ್ನು ಬ್ಯಾಕಸ್-ನೌರ್ ರೂಪವೆಂದು ಕರೆಯೋಣ ಎಂದರು. ಅದೇ ಪತ್ರಿಕೆಯ 1967ರ ಮಾರ್ಚ್ ಸಂಚಿಕೆಯಲ್ಲಿ ಪೀಟರ್ ಇಂಗರ್‌ಮನ್ ಬರೆದ ಇನ್ನೊಂದು ಪತ್ರ ಬಂತು. ಪಾಣಿನಿ ಇದಕ್ಕೆ ಸಮನಾದ ಸಂಕೇತಕ್ರಮವನ್ನು ಎಷ್ಟೋ ಶತಮಾನ ಮೊದಲೇ ಬಳಸಿದ್ದ, ಆದ್ದರಿಂದ ಪಾಣಿನಿ-ಬ್ಯಾಕಸ್ ರೂಪ ಎನ್ನೋಣ ಎಂಬುದು ಅವರ ಸಲಹೆ. ಪಾಣಿನಿ ಕಥೆಯ ಬೇರು ಈ ಒಂದು ಪುಟ. ಅದರಲ್ಲಿರುವುದು ಹೋಲಿಕೆಯ ಮಾತು, ಹೆಸರಿಡುವ ಸಲಹೆ. ಬ್ಯಾಕಸ್ ಪಾಣಿನಿಯಿಂದ ಪಡೆದರೆಂಬ ವಾದಕ್ಕೆ ಅದು ಆಧಾರವಾಗುವುದಿಲ್ಲ.

ಹಾಗಾದರೆ ಬ್ಯಾಕಸ್‌ಗೆ ಅದು ಎಲ್ಲಿಂದ ಬಂತು? ಡೆನಿಸ್ ಶಾಷಾ ಮತ್ತು ಕ್ಯಾಥಿ ಲಜೇರ್ 1995ರ ತಮ್ಮ ಪುಸ್ತಕಕ್ಕಾಗಿ ಅವರನ್ನೇ ಕೇಳಿದ್ದಾರೆ. ಎಮಿಲ್ ಪೋಸ್ಟ್ ಎಂಬ ತರ್ಕಶಾಸ್ತ್ರಜ್ಞನ ವಿಧಾನದಿಂದ ಎಂದು ಬ್ಯಾಕಸ್ ಖಚಿತವಾಗಿ ನಂಬಿದ್ದರು. ಐಬಿಎಂನಲ್ಲಿ ಮಾರ್ಟಿನ್ ಡೇವಿಸ್ ಮಾಡಿದ ಪಾಠದಲ್ಲಿ ಅದನ್ನು ಕಲಿತದ್ದಾಗಿ ಅವರಿಗೆ ನೆನಪು. ಆದರೆ ಡೇವಿಸ್ ಬಳಿಯ ದಾಖಲೆಗಳ ಪ್ರಕಾರ ಆ ಪಾಠ ನಡೆದದ್ದೇ 1960-61ರಲ್ಲಿ, ಅಂದರೆ ಪ್ಯಾರಿಸ್ ಪ್ರಬಂಧವಾದ ಮೇಲೆ. ಇದಕ್ಕೆ ತಮ್ಮಲ್ಲಿ ವಿವರಣೆಯಿಲ್ಲವೆಂದು ಬ್ಯಾಕಸ್ ಒಪ್ಪಿಕೊಂಡರು. ಚಾಮ್‌ಸ್ಕಿಯ ಬಗ್ಗೆಯೂ ಆಗ ತಮಗೆ ಗೊತ್ತಿರಲಿಲ್ಲ ಎಂದರು. ಆಕರ ವಿಮರ್ಶೆ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಕಟ್ಟಿದವನ ಪ್ರಾಮಾಣಿಕ ನೆನಪೇ ಒಂದು ಕಾಗದದ ತಾರೀಖಿನ ಮುಂದೆ ನಿಲ್ಲಲಿಲ್ಲ.

ನಾಸಾ ಕಥೆಯ ಬೇರು ಇನ್ನೊಂದು. ನಾಸಾದ ಏಮ್ಸ್ ಕೇಂದ್ರದಲ್ಲಿ ಸಂಶೋಧಕರಾಗಿದ್ದ ರಿಕ್ ಬ್ರಿಗ್ಸ್ 1985ರಲ್ಲಿ ಎಐ ಮ್ಯಾಗಜೀನ್‌ನಲ್ಲಿ ಒಂದು ಲೇಖನ ಬರೆದರು. ವಾಕ್ಯದ ಅರ್ಥವನ್ನು ಯಂತ್ರಕ್ಕೆ ತಿಳಿಸಲು ಕೃತಕ ಬುದ್ಧಿಮತ್ತೆಯವರು ಬಳಸುತ್ತಿದ್ದ ಅರ್ಥಜಾಲಗಳನ್ನೂ, ಸಂಸ್ಕೃತ ವೈಯಾಕರಣರು ಶಾಬ್ದಬೋಧದ ಚರ್ಚೆಯಲ್ಲಿ ವಾಕ್ಯ ಬಿಡಿಸುವ ಕ್ರಮವನ್ನೂ ಎದುರುಬದುರು ಇಟ್ಟು ಹೋಲಿಸಿದ ಲೇಖನವದು. ಅದು ಬರೆದವರ ಅಭಿಪ್ರಾಯ, ಸಂಸ್ಥೆಯ ಠರಾವಲ್ಲ. ಪ್ರೋಗ್ರಾಮಿಂಗ್ ಭಾಷೆಗಳ ಚರಿತ್ರೆಯೂ ಅದರ ವಿಷಯವಲ್ಲ. ಈ ಚರ್ಚೆಯ ಮುಂದಿನ ಅಧ್ಯಾಯ ನಡೆದದ್ದು ನಮ್ಮ ರಾಜ್ಯದಲ್ಲೇ. ಸಂಸ್ಕೃತದಲ್ಲಿ ಜ್ಞಾನ ನಿರೂಪಣೆ ಮತ್ತು ಅನುಮಾನ ಕುರಿತ ಮೊದಲ ರಾಷ್ಟ್ರೀಯ ಸಮ್ಮೇಳನ 1986ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸೇರಿತು, ಅದರ ವರದಿಯನ್ನೂ ಬ್ರಿಗ್ಸ್ ಬರೆದರು. ಎಐ ಮ್ಯಾಗಜೀನ್‌ನ ಹಳೆಯ ಸಂಚಿಕೆಗಳು ಉಚಿತವಾಗಿ ಸಿಗುತ್ತವೆ.

ಕಲಬುರಗಿಯವರಿಗೆ ಒಂದು ಎಚ್ಚರಿಕೆ ಬೇರೆಯೇ ಬೇಕು. ಮಳಖೇಡ ನಮ್ಮ ಜಿಲ್ಲೆಯಲ್ಲಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಹಂತಹಂತವಾಗಿ ಲೆಕ್ಕ ಬಿಡಿಸುವ ವಿಧಾನಗಳಿವೆ. ಅದನ್ನು ಎತ್ತಿ ಪ್ರೋಗ್ರಾಮಿಂಗ್‌ನ ಮೊದಲ ಅಧ್ಯಾಯಕ್ಕೆ ಅಂಟಿಸುವ ಆಸೆ ಸಹಜ. ಗಣಿತದ ಚರಿತ್ರೆಯಲ್ಲಿ ಆ ಕೃತಿಗೆ ತನ್ನದೇ ಆದ ದೊಡ್ಡ ಜಾಗವಿದೆ. ಅಲ್ಲಿಂದ ಎಬ್ಬಿಸಿ ಬೇರೆಯವರ ಮನೆಯ ಹಜಾರದಲ್ಲಿ ಕೂರಿಸಿದರೆ ಗೌರವ ಹೆಚ್ಚುವುದಿಲ್ಲ.

ಭಾರತದ ಮಟ್ಟಿಗೆ ಆಕರಗಳು ಕಡಿಮೆ, ಆದರೆ ಇರುವುದು ಗಟ್ಟಿ. ದೇಶದ ಮೊದಲ ಕಂಪ್ಯೂಟರ್ 1955ರಲ್ಲಿ ಕಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಬಂತು. ಕಾನ್ಪುರದ ಐಐಟಿಗೆ 1963ರಲ್ಲಿ ಐಬಿಎಂ 1620, ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಗೆ 1964ರಲ್ಲಿ ಸಿಡಿಸಿ 3600 ಬಂದ ಮೇಲೆ ಫೋರ್ಟ್ರಾನ್ ಹರಡಿತು. ಕಾನ್ಪುರದಲ್ಲಿ ಪಾಠ ಮಾಡಿ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ವಿ. ರಾಜಾರಾಮನ್ ಅವರ ಪಠ್ಯಪುಸ್ತಕಗಳೇ ಈಗ ಆಕರಗಳಾಗಿವೆ. ಒಂದು ಪೀಳಿಗೆಗೆ ಫೋರ್ಟ್ರಾನನ್ನು ಹೇಗೆ ಕಲಿಸಿದರೆಂದು ಅವು ಹೇಳುತ್ತವೆ. 1955ರಿಂದ 2010ರವರೆಗಿನ ಭಾರತದ ಕಂಪ್ಯೂಟಿಂಗ್ ಚರಿತ್ರೆಯನ್ನೂ ಅವರು ಬರೆದಿದ್ದಾರೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ 1996ರಿಂದ ತರುತ್ತಿರುವ ರೆಸೊನೆನ್ಸ್ ಮಾಸಿಕದಲ್ಲಿ ಹಾಪರ್, ಲಿಸ್ಪ್ ಭಾಷೆಯ ಜಾನ್ ಮೆಕಾರ್ಥಿ ಮುಂತಾದವರ ಕುರಿತು ಅವರ ಲೇಖನಗಳಿವೆ. ಪದವಿ ವಿದ್ಯಾರ್ಥಿಗೆ ಹೊಂದುವ ಸರಳ ಇಂಗ್ಲಿಷು, ಎಲ್ಲವೂ ಉಚಿತ; ಓದು ಇಲ್ಲಿಂದ ಶುರುವಾಗಲಿ ಎಂಬುದು ನನ್ನ ಸಲಹೆ.

ಹಣ ಕೊಟ್ಟೇ ಓದಬೇಕಾದ ಪತ್ರಿಕೆಗಳೂ ಇವೆ. 1979ರಲ್ಲಿ ಆರಂಭವಾಗಿ ಈಗ ಐಇಇಇ ಹೊರತರುವ ಕಂಪ್ಯೂಟಿಂಗ್ ಚರಿತ್ರೆಯ ತ್ರೈಮಾಸಿಕ ಅವುಗಳಲ್ಲಿ ಮುಖ್ಯವಾದದ್ದು. ಇದಕ್ಕೆ ಆಳಂದ ರಸ್ತೆಯ ಕಡಗಂಚಿಯಲ್ಲೇ ದಾರಿಯಿದೆ: 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. 2025ರ ಜನವರಿಯಲ್ಲಿ ಶುರುವಾದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ತೆರೆದಿವೆ. ನಿಮ್ಮ ಕಾಲೇಜು ನೋಂದಾಯಿಸಿಕೊಂಡಿದೆಯೇ ಎಂದು ಗ್ರಂಥಪಾಲಕರನ್ನು ಕೇಳಿ. ಕೇಳದಿದ್ದರೆ ಆ ಸೌಲಭ್ಯ ಕಾಗದದ ಮೇಲೇ ಉಳಿಯುತ್ತದೆ. ಪಿಎಚ್.ಡಿ. ಪ್ರಬಂಧಗಳಿಗೆ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಇದೆ. ವಿಕಿಪೀಡಿಯಾ ಬೇಡವೆನ್ನುವ ಮೇಷ್ಟ್ರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದರ ಲೇಖನವನ್ನು ಉಲ್ಲೇಖಿಸಬೇಡಿ, ಅಡಿಟಿಪ್ಪಣಿ ಹಿಡಿದು ಮೂಲಕ್ಕೆ ಹೋಗಿ.

ಇಷ್ಟಾದರೂ ಒಂದು ಜಾಗ ಖಾಲಿ ಉಳಿಯುತ್ತದೆ. ಬೆಲ್ ಪ್ರಯೋಗಾಲಯದ ಟೇಪು ಜೇವರ್ಗಿಯಲ್ಲಿ ಕೂತು ಓದಬಹುದು. ಜೇವರ್ಗಿಯಲ್ಲಿ ಪ್ರೋಗ್ರಾಮಿಂಗ್ ಹೇಗೆ ಬಂತೆಂದು ಓದಲು ಏನಿದೆ? ಆಳಂದ, ಅಫಜಲಪುರ, ಜೇವರ್ಗಿಯ ರೈತರು ಕೈಯಲ್ಲಿ ಹಿಡಿದ ಪ್ರೋಗ್ರಾಮಿನ ಒಂದು ಫಲ ಪಹಣಿ. ಬೆಂಗಳೂರಿನ ಎನ್ಐಸಿ ತಯಾರಿಸಿದ ಭೂಮಿ ತಂತ್ರಾಂಶ ಈ ಶತಮಾನದ ಆರಂಭದಲ್ಲಿ ರಾಜ್ಯದ 177 ತಾಲ್ಲೂಕುಗಳಿಗೆ ಬಂತು, ಸುಮಾರು 2 ಕೋಟಿ ದಾಖಲೆ ಕಂಪ್ಯೂಟರಿಗೆ ಏರಿತು, 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು. ಅದರ ಮೇಲೆ ಗಂಭೀರ ಬರಹಗಳಿವೆ. ರಾಜೀವ್ ಚಾವ್ಲಾ ಮತ್ತು ಸುಭಾಷ್ ಭಟ್ನಾಗರ್ 2004ರಲ್ಲಿ ಆಡಳಿತದ ಕಡೆಯಿಂದ ಬರೆದರು. ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಕಟುವಾಗಿ ವಿಮರ್ಶಿಸಿದರು. ಎರಡರ ಚಿಂತೆಯೂ ಜಮೀನು, ಲಂಚ, ಅಧಿಕಾರ. ಕೈಬರಹದ ಪಹಣಿಯನ್ನು ತಾಲ್ಲೂಕು ಕಚೇರಿಯಲ್ಲಿ ಕೂತು ಕಂಪ್ಯೂಟರಿಗೆ ಏರಿಸಿದವರ, ಕನ್ನಡ ಅಕ್ಷರ ಪರದೆಯ ಮೇಲೆ ತರಲು ಹೆಣಗಿದವರ ಕೆಲಸ ಬೇರೆ ಸಂಶೋಧನೆಗೆ ಕಾದಿದೆ. ಶಾಲೆಗಳ ಕಥೆಯೂ ಅಷ್ಟೇ. 1984ರಲ್ಲಿ ಕೇಂದ್ರ ಸರ್ಕಾರ ಬಿಬಿಸಿ ಮೈಕ್ರೊ ಯಂತ್ರಗಳೊಂದಿಗೆ ಆಯ್ದ ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆ ಯೋಜನೆ ಆರಂಭಿಸಿತು. ಆಮೇಲೆ ಖಾಸಗಿ ತರಬೇತಿ ಕೇಂದ್ರಗಳ ಬೇಸಿಕ್, ಕೋಬಾಲ್, ಫಾಕ್ಸ್‌ಪ್ರೊ ಕೋರ್ಸುಗಳ ಕಾಲ ಬಂತು. ಯು.ಬಿ. ಪವನಜ ಅವರು ಮಕ್ಕಳಿಗಾಗಿ ಲೋಗೋ ಭಾಷೆಯನ್ನು ಕನ್ನಡಕ್ಕೆ ತಂದರು. ಲೋಗೋದ ಇಂಗ್ಲಿಷ್ ಚರಿತ್ರೆಯನ್ನು ಸಿಂಥಿಯಾ ಸೊಲೊಮನ್ ಮೊದಲಾದವರು 2020ರಲ್ಲಿ ಬರೆದರು. ಕನ್ನಡ ಲೋಗೋ ಯಾವ ಯಾವ ಶಾಲೆಯ ಮಕ್ಕಳ ಕೈಗೆ ಹೋಯಿತೆಂಬುದನ್ನು ಬರೆಯಬೇಕಾದವರು ನಾವು.

ಅದಕ್ಕೆ ಬೇಕಾದ ಆಕರಗಳು ಇಂದು ನಮ್ಮ ಕಾಲೇಜುಗಳ ಬೀರುಗಳಲ್ಲಿ, ನಿವೃತ್ತ ಅಧ್ಯಾಪಕರ ಅಟ್ಟಗಳಲ್ಲಿ ಇರಬೇಕು: ಹಳೆಯ ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಪ್ರಾಕ್ಟಿಕಲ್ ರೆಕಾರ್ಡು, ಪ್ರಯೋಗಾಲಯದ ಸ್ಟಾಕ್ ರಿಜಿಸ್ಟರು, ಫ್ಲಾಪಿ, ತರಬೇತಿ ಕೇಂದ್ರದ ಕರಪತ್ರ. ಇವು ಪ್ರತಿ ಬೇಸಿಗೆಯಲ್ಲಿ ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗುತ್ತವೆ. ಆಳಂದ, ಅಫಜಲಪುರ, ಜೇವರ್ಗಿಯ ಅಧ್ಯಾಪಕರಲ್ಲಿ ಮತ್ತು ಗ್ರಂಥಪಾಲಕರಲ್ಲಿ ವಿನಂತಿ: ಈ ಸಲ ಬೀರು ಖಾಲಿ ಮಾಡುವ ಮುನ್ನ ಇಂಥವನ್ನು ಬೇರೆ ತೆಗೆದಿಡಿ, ಎಲ್ಲಿಯದು, ಯಾವ ವರ್ಷದ್ದು ಎಂದು ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ, ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಕಪಾಟು ಕೊಡಿ.